ಹೋದವರಿಗೆ ಯಾವ ಹೂವು?



ಈ ದತ್ತಿ ಉಪನ್ಯಾಸದಲ್ಲಿ ಯಾವ ವಿಷಯದ ಬಗ್ಗೆ ಮಾತಾಡುತ್ತೀರಿ ಎಂದು ಕಾರ್ಯದರ್ಶಿಗಳು ಫೋನಿನಲ್ಲಿ ಕೇಳಿದಾಗ ‘ಸಾವಿನ ಹೂವು’ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಬಹಳ ಮೆತ್ತಗೆ, ‘ಮೇಡಂ, ಆಹ್ವಾನ ಪತ್ರಿಕೆಯಲ್ಲಿ ಹೂವು ಮತ್ತು ಸಂಸ್ಕೃತಿ ಅಂತ ಹಾಕಿಸಲಾ?’ ಎಂದರು. ಹಾಗೇ ಹಾಕಿಸಿದ್ದಾರೆ. ಮದುವೆ ಮಂಟಪದ ಅಲಂಕಾರದ ಬಗ್ಗೆ ಕೇಳಬಹುದೆಂದು ಬಂದವರು ಯಾರಾದರೂ ಇದ್ದರೆ ತಪ್ಪು ನನ್ನದಲ್ಲ.

ಹೂವಿನ ಬಗ್ಗೆ ಮಾತಾಡಲು ಬಂದವಳಿಗೆ ಇಲ್ಲಿ ಕೊಟ್ಟದ್ದು ಪುಸ್ತಕ. ಅದೂ ಸರಿಯೇ. 2021ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ತನ್ನ ಸಭೆ ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಆದೇಶ ಹೊರಡಿಸಿತು. ಹೂ ಬೆಳೆಗಾರರು ನಮ್ಮ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದು ತಕರಾರು ತೆಗೆದರು. ಅವರ ಕಷ್ಟ ಗೊತ್ತಿದ್ದೂ ಆ ಆದೇಶವನ್ನು ನಾನು ಮೆಚ್ಚಿದವಳು. ಬದುಕಿರುವವರ ಕೊರಳಿಗೆ ಹಾರ ಬಿದ್ದ ಮರುಗಳಿಗೆ ಅದು ಮೇಜಿನ ಮೇಲಿರುತ್ತದೆ. ಕೊನೆಯವರೆಗೂ ಹಾರ ತೆಗೆಯದೆ ಹಾಕಿಕೊಂಡಿರುವವರು ಸತ್ತವರು ಮಾತ್ರ. ಆ ಹಾರದ ವಿಚಾರ ಇವತ್ತಿನದು.

ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯನ್ನು ಬೆಳಗಿನ ಜಾವ ನೋಡಬೇಕು. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಕಡೆಯಿಂದ, ಗಡಿಯಾಚೆಯ ಹೊಸೂರು, ಕೃಷ್ಣಗಿರಿಯಿಂದ ಹೂವಿನ ಮೂಟೆಗಳು ಕತ್ತಲಿರುವಾಗಲೇ ಬಂದು ಬೀಳುತ್ತವೆ. ಚೆಂಡು ಹೂ, ಸೇವಂತಿಗೆ, ಸುಗಂಧರಾಜ, ಬಿಡಿ ಗುಲಾಬಿ. ಇದರಲ್ಲಿ ಯಾವುದು ಮದುವೆಗೆ, ಯಾವುದು ದೇವರಿಗೆ, ಯಾವುದು ಹೆಣಕ್ಕೆ ಎಂದು ಮೂಟೆ ನೋಡಿ ಯಾರೂ ಹೇಳಲಾರರು. ಒಂದೇ ಮೂಟೆಯ ಸೇವಂತಿಗೆ ಮಧ್ಯಾಹ್ನದ ಹೊತ್ತಿಗೆ ಮದುಮಕ್ಕಳ ಕಾರಿನ ಮೇಲೂ ಇರುತ್ತದೆ, ಶವ ಒಯ್ಯುವ ಗಾಡಿಯ ಸುತ್ತಲೂ ಇರುತ್ತದೆ.

ಹಾರ ಕಟ್ಟುವವರ ಬಳಿ ಹೋಗಿ ‘ಸಾವಿನ ಮನೆಗೆ ಒಂದು ಹಾರ ಬೇಕು’ ಎಂದು ಹೇಳಿ ನೋಡಿ. ಯಾವ ಹೂವು ಎಂದು ಅವರು ಮೊದಲು ಕೇಳುವುದಿಲ್ಲ. ‘ಗಂಡಸಾ, ಹೆಂಗಸಾ?’ ಎನ್ನುತ್ತಾರೆ. ಹೆಂಗಸು ಎಂದರೆ ಮುಂದಿನ ಪ್ರಶ್ನೆ, ‘ಯಜಮಾನ್ರು ಇದಾರಾ?’ ಆಮೇಲೆ ವಯಸ್ಸು. ಇಷ್ಟಕ್ಕೆ ಉತ್ತರ ಸಿಕ್ಕಿದ ಮೇಲೆ ಹೂವು ತಾನಾಗಿ ತೀರ್ಮಾನವಾಗುತ್ತದೆ. ತುಂಬು ವಯಸ್ಸಿನವರಾದರೆ ದಪ್ಪ ಹಾರ, ಮುತ್ತೈದೆಯಾದರೆ ಮಲ್ಲಿಗೆ ಸೇರಿಸಿ, ಎಳೆ ವಯಸ್ಸಾದರೆ ಕಟ್ಟುವವರ ಕೈಯೂ ಒಂದು ಗಳಿಗೆ ನಿಲ್ಲುತ್ತದೆ. ಬೆಲೆ ಹೇಳುವಾಗ ಅವರು ಜಾಸ್ತಿ ಹೇಳುವುದಿಲ್ಲ, ಕೊಳ್ಳುವವರು ಚೌಕಾಸಿ ಮಾಡುವುದಿಲ್ಲ. ಸಾವಿನ ಸಾಮಾನಿಗೆ ಚೌಕಾಸಿ ಮಾಡಬಾರದೆಂಬ ಮಾತು ಮಾರುಕಟ್ಟೆಯ ಮಟ್ಟಿಗೆ ಇನ್ನೂ ನಡೆಯುತ್ತಿದೆ.

ನನ್ನ ವಾದವೂ ಇದೇ. ನಮ್ಮಲ್ಲಿ ಸಾವಿನ ಹೂವಿನ ಅರ್ಥವನ್ನು ಹೂವಿನ ಜಾತಿಯಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಯಾರಿಗೆ ಕೊಟ್ಟೆವು, ಯಾರಿಗೆ ಕೊಡದೆ ಉಳಿಸಿಕೊಂಡೆವು ಎಂಬ ಲೆಕ್ಕದಲ್ಲಿ ಹುಡುಕಬೇಕು.

ಬೇರೆ ಕಡೆ ಹೀಗಿಲ್ಲ. ಫ್ರಾನ್ಸಿನಲ್ಲಿ, ಇಟಲಿಯಲ್ಲಿ ಸೇವಂತಿಗೆ ಎಂದರೆ ಸಮಾಧಿಯ ಹೂವು. ನವೆಂಬರ್ ಮೊದಲ ದಿನಗಳಲ್ಲಿ, ಸಂತರ ಹಬ್ಬ ಮತ್ತು ಮೃತರ ದಿನಕ್ಕೆ, ಅಲ್ಲಿನ ಸ್ಮಶಾನಗಳು ಸೇವಂತಿಗೆಯ ಕುಂಡಗಳಿಂದ ತುಂಬುತ್ತವೆ. ಮೊದಲ ಮಹಾಯುದ್ಧದಲ್ಲಿ ಸತ್ತ ಲಕ್ಷಾಂತರ ಸೈನಿಕರ ಗೋರಿಗಳಿಗೆ ಹೂವಿಡುವ ಪದ್ಧತಿ ಈ ಹೂವನ್ನು ಸಾವಿನ ಜೊತೆ ಇನ್ನೂ ಗಟ್ಟಿಯಾಗಿ ಕಟ್ಟಿಹಾಕಿತು. ಕಾರಣ ಸರಳ. ಆ ಚಳಿಯಲ್ಲಿ ಹೊರಗೆ ಅರಳಿ ನಿಲ್ಲುವ ಹೂವು ಅದೊಂದೇ ಎನ್ನಬೇಕು. ನಮ್ಮ ಹುಡುಗನೊಬ್ಬ ಮಿಲಾನಿನಲ್ಲಿ ಯಾರದೋ ಮನೆಯ ಊಟಕ್ಕೆ, ಊರ ನೆನಪಿನಿಂದ, ಹಳದಿ ಸೇವಂತಿಗೆ ಹಿಡಿದುಕೊಂಡು ಹೋದರೆ ಬಾಗಿಲು ತೆರೆದವರ ಮುಖ ಹೇಗಾಗಬೇಡ! ಜಪಾನಿನಲ್ಲಿ ಅದೇ ಸೇವಂತಿಗೆ ಚಕ್ರವರ್ತಿಯ ಲಾಂಛನ, ಬಿಳಿಯದಾದರೆ ಶವಸಂಸ್ಕಾರದ ಹೂವು. ಕೊರಿಯಾದಲ್ಲೂ ಬಿಳಿ ಸೇವಂತಿಗೆಯನ್ನೇ ಮೃತರ ಚಿತ್ರದ ಮುಂದೆ ಇಡುತ್ತಾರೆ. ನಮ್ಮಲ್ಲಿ ಬಿಳಿ ಎಂದರೆ ಮಲ್ಲಿಗೆ, ಮಲ್ಲಿಗೆ ಎಂದರೆ ಮಂಗಳ. ಬಣ್ಣದ ನಿಯಮ ನಮಗೆ ಹೊಂದುವುದಿಲ್ಲ.

ಹೂವಿಗೆ ನಿಘಂಟು ಬರೆದವರೂ ಯೂರೋಪಿನವರೇ. 1819ರಲ್ಲಿ ಪ್ಯಾರಿಸ್ಸಿನಲ್ಲಿ ಶಾರ್ಲೊಟ್ ಡ ಲಾತೂರ್ ಎಂಬ ಹೆಸರಿನಲ್ಲಿ ‘ಹೂಗಳ ಭಾಷೆ’ ಎಂಬ ಪುಸ್ತಕ ಬಂತು. 1884ರಲ್ಲಿ ಇಂಗ್ಲೆಂಡಿನ ಚಿತ್ರಗಾರ್ತಿ ಕೇಟ್ ಗ್ರೀನವೇ ಚಿತ್ರ ಬರೆದು ತಂದ ಅಂಥದೇ ಪುಸ್ತಕ ಮನೆಮನೆಗೆ ಹೋಯಿತು. ಇಂಥ ಹೂವಿಗೆ ಇಂಥ ಭಾವ, ಇಷ್ಟು ಗುಲಾಬಿಗೆ ಇಂಥ ಅರ್ಥ ಎಂದು ಇಂದಿನ ಬೊಕೆ ಅಂಗಡಿಗಳು ಹೇಳುವುದೆಲ್ಲ ಅಲ್ಲಿಂದ ಬಂದ ಸರಕು. ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ನನಗೆ ಈ ನಿಘಂಟುಗಳ ಮೇಲೆ ಸ್ವಲ್ಪ ಅನುಮಾನ. ಸಂಕೇತಕ್ಕಿಂತ ಮೊದಲು ಮೂಗು ಕೆಲಸ ಮಾಡುತ್ತದೆ. ದೂರದ ಮಗ ಬರುವವರೆಗೆ ಹೆಣವನ್ನು ಪಡಸಾಲೆಯಲ್ಲೇ ಕಾಯಿಸಬೇಕಾಗಿದ್ದ ಕಾಲದಲ್ಲಿ, ಬೇಸಿಗೆಯಲ್ಲಿ, ಜನ ಯಾವ ಹೂವನ್ನು ಆರಿಸಿದರು? ಕತ್ತಲಾದಂತೆ ಘಮ ಹೆಚ್ಚುವ ಸುಗಂಧರಾಜವನ್ನು. ಕಿತ್ತು ಎರಡು ದಿನವಾದರೂ ಬಾಡದ, ತನ್ನದೇ ಖಾರದ ವಾಸನೆಯಿರುವ ಚೆಂಡು ಹೂವನ್ನು. ಅದಕ್ಕೆ ಊದುಬತ್ತಿ, ಲೋಬಾನ ಜೊತೆಯಾದವು. ಈಗ ಶೈತ್ಯ ಪೆಟ್ಟಿಗೆ ಬಂದಿದೆ. ಹಾರ ಎದೆಯ ಮೇಲೆ ಬೀಳುವ ಬದಲು ಗಾಜಿನ ಮುಚ್ಚಳದ ಮೇಲೆ ಬೀಳುತ್ತದೆ. ವಾಸನೆಯ ಕೆಲಸ ಮುಗಿದರೂ ಸುಗಂಧರಾಜ ಕೆಲಸ ಬಿಟ್ಟಿಲ್ಲ.

ಈ ಸುಗಂಧರಾಜ ನಮ್ಮ ನೆಲದ್ದಲ್ಲ. ಚೆಂಡು ಹೂವೂ ಅಲ್ಲ. ಸಮಾಧಿಗಳ ಬಳಿ ನೆಡುವ ದೇವಕಣಗಿಲೆಯೂ ಅಲ್ಲ. ಮೂರೂ ಮೆಕ್ಸಿಕೋ ಮತ್ತು ಅದರ ಅಕ್ಕಪಕ್ಕದ ನಾಡಿನವು, ಯೂರೋಪಿನ ಹಡಗುಗಳು ಸಮುದ್ರ ದಾಟಲು ಶುರುಮಾಡಿದ ಮೇಲೆ ಇತ್ತ ಬಂದವು. ಸೇವಂತಿಗೆಯ ಮೂಲ ಚೀನಾ. ಅಂದರೆ ಇವತ್ತು ಶವದ ಮೇಲಿರುವ ಹೂವಿನಲ್ಲಿ ಗುಲಾಬಿ, ಮಲ್ಲಿಗೆಯನ್ನು ಬಿಟ್ಟರೆ ಹೆಚ್ಚಿನದು ವಿಜಯನಗರದ ಆದಿಕಾಲದವರು ಕಾಣದ್ದು. ಗುಲಾಬಿಯನ್ನು ಕಂಡಿದ್ದರು. 1443ರಲ್ಲಿ ಹಂಪಿಗೆ ಬಂದ ಅಬ್ದುರ್ ರಜಾಕ್, ಈ ಊರಿನ ಜನ ಗುಲಾಬಿ ಇಲ್ಲದೆ ಬದುಕಲಾರರು ಎಂಬರ್ಥದಲ್ಲಿ ಬರೆದಿದ್ದಾನೆ. ಆಗಿನವರು ಹೆಣಕ್ಕೆ ಏನು ಹಾಕುತ್ತಿದ್ದರೋ, ನಮ್ಮ ಈಗಿನ ಹಾರವನ್ನಂತೂ ಹಾಕುತ್ತಿರಲಿಲ್ಲ. ‘ಸನಾತನ ಪದ್ಧತಿ’ ಎಂದು ನಾವು ಅಂದುಕೊಂಡಿರುವ ಹಾರಕ್ಕೆ ಕೆಲವೇ ಶತಮಾನಗಳ ವಯಸ್ಸು. ಹೂವುಗಳು ಬದಲಾದವು, ಅಂಗಡಿಯವರ ಪ್ರಶ್ನೆಗಳು ಬದಲಾಗಲಿಲ್ಲ.

ಚೆಂಡು ಹೂವಿನ ತವರಿನಲ್ಲಿ ಅದು ಮೃತರ ಹೂವೇ. ನವೆಂಬರ್ 1 ಮತ್ತು 2ರಂದು ಮೆಕ್ಸಿಕೋದಲ್ಲಿ ಸತ್ತವರು ಮನೆಗೆ ಬರುತ್ತಾರೆಂಬ ನಂಬಿಕೆ. ಚೆಂಡು ಹೂವಿನ ಎಸಳುಗಳನ್ನು ಹಾದಿಯುದ್ದಕ್ಕೂ ಚೆಲ್ಲಿ, ಆ ಬಣ್ಣ ಮತ್ತು ವಾಸನೆಯ ಜಾಡು ಹಿಡಿದು ಹಿರಿಯರು ಪೂಜೆಯ ಕಟ್ಟೆಯವರೆಗೆ ಬರಲಿ ಎಂದು ಕಾಯುತ್ತಾರೆ. ನಾವೂ ಎಸಳು ಚೆಲ್ಲುತ್ತೇವೆ. ತಮಟೆಯ ಸದ್ದಿನ ನಡುವೆ, ಕಡ್ಲೆಪುರಿ, ಚಿಲ್ಲರೆ ಕಾಸಿನ ಜೊತೆ, ಮನೆಯಿಂದ ಸುಡುಗಾಡಿನವರೆಗೆ. ಅವರದು ಕರೆಯುವ ದಾರಿ, ನಮ್ಮದು ಕಳಿಸುವ ದಾರಿ. ಕಳಿಸಿ ಹಿಂದಿರುಗಿ ನೋಡದೆ ಬರಬೇಕು, ಬಂದು ಮೀಯಬೇಕು. ಕರೆಯುವುದಕ್ಕೆ ನಮಗೆ ಬೇರೆ ದಿನವಿದೆ. ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ ಎಡೆ ಇಟ್ಟು, ಹೊಸ ಬಟ್ಟೆ ಇಟ್ಟು, ಅದೇ ಚೆಂಡು ಹೂವನ್ನು ಫೋಟೊಗೆ ಹಾಕಿ ಕರೆಯುತ್ತೇವೆ. ಆಗ ಆ ಹೂವಿಗೆ ಮೈಲಿಗೆಯಿಲ್ಲ.

ಮೈಲಿಗೆಯ ಮಾತು ಬಂತಲ್ಲ, ಅಲ್ಲೇ ನಮ್ಮ ಹೂವಿನ ವ್ಯಾಕರಣ ಇರುವುದು. ದೇವರ ಬಲಗಡೆಯಿಂದ ಹೂವು ಜಾರಿ ಬಿದ್ದರೆ ಕಣ್ಣಿಗೊತ್ತಿಕೊಂಡು ಮುಡಿಯುತ್ತೇವೆ. ಮದುವೆಯ ಕೆಲಸ ಆಗುತ್ತದೋ ಇಲ್ಲವೋ, ಬಾವಿ ತೋಡಿದರೆ ನೀರು ಬರುತ್ತದೋ ಇಲ್ಲವೋ ಎಂದು ಹೂವು ಕೇಳುವ ದೇವಸ್ಥಾನಗಳು ನಮ್ಮಲ್ಲಿ ಎಷ್ಟಿಲ್ಲ! ದೇವರ ಮೈಯಿಂದ ಇಳಿದ ಹೂವು ಪ್ರಸಾದ. ಹೆಣದ ಮೈಯಿಂದ ಇಳಿದ ಅದೇ ಹೂವನ್ನು ಮನೆಯವರೂ ಮುಟ್ಟುವುದಿಲ್ಲ. ಚಟ್ಟದಿಂದ ಉದುರಿದ್ದನ್ನು ತುಳಿಯಬಾರದೆಂದು ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತೇವೆ. ಹೂವು ಮೇಲೇರುವಾಗ ಒಂದೇ, ಇಳಿಯುವಾಗ ಬೇರೆ.

ಇದನ್ನು ಒಪ್ಪದವರು ಹನ್ನೆರಡನೆಯ ಶತಮಾನದಲ್ಲೇ ಇದ್ದರು. ಶರಣರು ಪಂಚಸೂತಕಗಳನ್ನು ನಿರಾಕರಿಸಿದಾಗ ಅದರಲ್ಲಿ ಮರಣಸೂತಕವೂ ಸೇರಿತ್ತು. ಲಿಂಗಾಯತರಲ್ಲಿ ಲಿಂಗೈಕ್ಯರಾದವರನ್ನು ಕೂರಿಸಿ, ಹೂವಿನ ವಿಮಾನ ಕಟ್ಟಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು, ವಿಭೂತಿ ಮತ್ತು ಬಿಲ್ವಪತ್ರೆಯ ನಡುವೆ ಸಮಾಧಿ ಮಾಡುತ್ತಾರೆ. ಸಿದ್ಧಾಂತದ ಪ್ರಕಾರ ಆ ಪತ್ರೆ ಪೂಜೆಯ ಪತ್ರೆಯೇ, ಅದಕ್ಕೆ ಮೈಲಿಗೆಯಿಲ್ಲ. ಆದರೂ ಮಣ್ಣು ಮುಗಿಸಿ ಬಂದು ತಲೆಗೆ ನೀರು ಹಾಕಿಕೊಳ್ಳದ ಲಿಂಗಾಯತ ಮನೆಗಳು ಎಷ್ಟಿವೆ ಎಂದು ಸಭೆಯಲ್ಲಿರುವ ಬಲ್ಲವರೇ ಹೇಳಬೇಕು.

ಶಾಸ್ತ್ರಗಳಲ್ಲೂ ಹೂವಿನ ಆಯ್ಕೆಯಿದೆ. ವಿಷ್ಣುಸ್ಮೃತಿ ಶ್ರಾದ್ಧದ ಭಾಗದಲ್ಲಿ ಗಾಢ ವಾಸನೆಯ ಹೂವು ಬೇಡ, ವಾಸನೆಯೇ ಇಲ್ಲದ್ದೂ ಬೇಡ, ಮುಳ್ಳುಗಿಡದ್ದು ಬೇಡ, ಕೆಂಪು ಬೇಡ ಎನ್ನುತ್ತದೆ. ಹೇಳಿದ ಮರುಕ್ಷಣವೇ ಸಡಿಲಿಸುತ್ತದೆ. ಮುಳ್ಳುಗಿಡದ್ದಾದರೂ ಬಿಳಿಯಾಗಿ ಸುವಾಸನೆಯಿದ್ದರೆ ಆದೀತು, ಕೆಂಪಾದರೂ ನೀರಿನಲ್ಲಿ ಹುಟ್ಟಿದ್ದಾದರೆ ಆದೀತು. ಬರೆದವರು ಹಿತ್ತಲಿನಲ್ಲಿ ಏನಿತ್ತು ಎಂದು ನೋಡಿಕೊಂಡೇ ಬರೆದಂತಿದೆ. ಈ ನಿಯಮವನ್ನು ಹಾಗೇ ಅನ್ವಯಿಸಿದರೆ ಈಗಿನ ಕೆಂಪು ಗುಲಾಬಿಯ ಹಾರ ಒಂದೂ ಒಳಗೆ ಬರುವಂತಿಲ್ಲ.

ಈಗ ಈ ವಿಷಯದ ಗಂಟಲಿನಲ್ಲಿ ಸಿಕ್ಕಿಕೊಂಡಿರುವ ಮುಳ್ಳಿಗೆ ಬರುತ್ತೇನೆ.

ಗಂಡ ಬದುಕಿರುವಾಗ ಹೆಂಡತಿ ಸತ್ತರೆ ನಮ್ಮ ಊರುಗಳಲ್ಲಿ ಅದಕ್ಕೆ ಮುತ್ತೈದೆ ಸಾವು ಎಂದು ಹೆಸರು. ಪುಣ್ಯವಂತೆ ಎನ್ನುತ್ತಾರೆ. ಅರಿಶಿನ ಹಚ್ಚಿ ಮೀಯಿಸಿ, ಕಾಸಿನಗಲ ಕುಂಕುಮವಿಟ್ಟು, ಹಸಿರು ಬಳೆ ತೊಡಿಸಿ, ರೇಷ್ಮೆ ಸೀರೆ ಉಡಿಸಿ, ಹೆರಳು ತುಂಬ ಮಲ್ಲಿಗೆ ಮುಡಿಸುತ್ತಾರೆ. ಬದುಕಿನಲ್ಲಿ ಒಂದು ಮೊಳ ಹೂವಿಗೂ ಲೆಕ್ಕ ಕೇಳಿದ ಮನೆಯವರು ಆ ದಿನ ಮಾರುಗಟ್ಟಲೆ ತರಿಸುತ್ತಾರೆ. ನೆರೆಮನೆಯ ಹೆಂಗಸರು ಬಂದು ಅವಳ ಹಣೆಯ ಕುಂಕುಮದಿಂದ ತಮ್ಮ ಹಣೆಗೆ ಇಟ್ಟುಕೊಳ್ಳುವುದನ್ನೂ ಕಂಡಿದ್ದೇನೆ. ಹೆಣದ ಮೇಲಿನದು ಮೈಲಿಗೆ ಎಂಬ ನಿಯಮವನ್ನು ಮುರಿಯುವುದು ಇದೊಂದು ಜಾಗ. ಎಲ್ಲವನ್ನೂ ಬಿಟ್ಟು ಈ ಒಂದು ಹೆಣಕ್ಕೆ ದೇವರ ಮರ್ಯಾದೆ ಯಾಕೆ ಎಂದು ಕೇಳಿಕೊಂಡರೆ ಉತ್ತರ ಚೆನ್ನಾಗಿಲ್ಲ. ಅವಳು ಗಂಡನಿಗಿಂತ ಮೊದಲು ಹೋದಳು, ಅದು ಅವಳ ಸಾಧನೆ.

ಗಂಡ ಮೊದಲು ಹೋದರೆ? ಸತ್ತವನಿಗೆ ಹಾರ ಬೀಳುತ್ತದೆ, ಆದರೆ ಆ ಸಾವಿನ ನಿಜವಾದ ಹೂವು ಅವನ ಕೊರಳಲ್ಲಿ ಇರುವುದಿಲ್ಲ. ಹತ್ತನೆಯದೋ ಹನ್ನೊಂದನೆಯದೋ ದಿನ, ಹೆಂಡತಿಯನ್ನು ಕೊನೆಯ ಸಲ ಕೂರಿಸಿ ತಲೆ ತುಂಬ ಹೂ ಮುಡಿಸಿ, ಬಳೆ ತೊಡಿಸಿ, ಕುಂಕುಮವಿಟ್ಟು, ಆಮೇಲೆ ಒಂದೊಂದಾಗಿ ತೆಗೆಯುವ ಶಾಸ್ತ್ರ ಹಲವು ಸಮುದಾಯಗಳಲ್ಲಿ ಇತ್ತು, ಕೆಲವು ಕಡೆ ಇನ್ನೂ ಇದೆ. ಹೂವಿನಿಂದ ಇಷ್ಟು ಕ್ರೂರವಾದ ಕೆಲಸವನ್ನು ಬೇರೆ ಎಲ್ಲಾದರೂ ಮಾಡಿಸಿದ್ದಾರೆಯೇ, ನಾನು ಕಾಣೆ. ಮುಡಿಸದೆಯೇ ಸುಮ್ಮನಿದ್ದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಕಸಿದುಕೊಳ್ಳುವುದು ಎಲ್ಲರಿಗೂ ಕಾಣಿಸಬೇಕೆಂದೇ ಕೊಡುತ್ತಾರೆ. ಸಂತೆಯಲ್ಲಿ ಮಾರುಗಟ್ಟಲೆ ಮಲ್ಲಿಗೆ ಅಳೆದು ಕೊಡುವ ಹೂವಾಡಗಿತ್ತಿಯರಲ್ಲಿ ತಾವೇ ಒಂದು ಎಸಳು ಮುಡಿಯಲಾರದವರು ಎಷ್ಟೋ ಮಂದಿ.

ಕದಲಿಕೆಯೂ ಇದೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರಿಗೆ ದೇವಸ್ಥಾನದಲ್ಲೇ ಹೂವು, ಕುಂಕುಮ, ಬಳೆ ಕೊಟ್ಟರು, ಅವರಿಂದ ತೇರು ಎಳೆಸಿದರು. 2013ರಲ್ಲಿ ಅಂಥ ಇಬ್ಬರನ್ನು ಅರ್ಚಕರನ್ನಾಗಿಯೇ ಮಾಡಿದರು. ನಮ್ಮ ಗಡಿಗೆ ಹತ್ತಿರವೇ ಇರುವ ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿಯ ಗ್ರಾಮಸಭೆ 2022ರ ಮೇ ತಿಂಗಳಲ್ಲಿ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿ ನಮ್ಮೂರಲ್ಲಿ ಬೇಡ ಎಂದು ನಿರ್ಣಯ ಮಾಡಿತು. ಇವು ಸುದ್ದಿಯಾದವು. ಸುದ್ದಿಯಾಗದೆ ಮನೆಗಳೊಳಗೆ ನಡೆದದ್ದು ಇನ್ನೂ ಹೆಚ್ಚು. ನನ್ನ ತಲೆಯಲ್ಲಿರುವ ಮಲ್ಲಿಗೆಯನ್ನು ನೋಡಿ ಮುಂದಿನ ಸಾಲಿನಲ್ಲಿ ಯಾರಿಗಾದರೂ ಪ್ರಶ್ನೆ ಎದ್ದಿದ್ದರೆ, ಹೌದು, ನಮ್ಮ ಮನೆಯವರು ಹೋಗಿದ್ದಾರೆ. ಹೂವು ಮಗಳು ಮುಡಿಸಿದ್ದು. ಮುಂದೆ ಹೋಗೋಣ.

ಹೂವಿನ ವಿಚಾರದಲ್ಲಿ ಇತರರ ಮನೆಯ ಪದ್ಧತಿಯನ್ನೂ ಸ್ವಲ್ಪ ತಿಳಿದಿರಬೇಕು, ಯಾಕೆಂದರೆ ಸಾವಿನ ಮನೆಗೆ ಜಾತಿ ನೋಡಿ ಹೋಗುವವರಲ್ಲ ನಾವು. ಕ್ರೈಸ್ತರ ಮನೆಗೆ ಬಿಳಿ ಹೂವಿನ ಚಕ್ರ ಅಥವಾ ಗುಚ್ಛ ಒಯ್ಯಬಹುದು. ನವೆಂಬರ್ 2ರ ಆತ್ಮಗಳ ದಿನ ಬೆಂಗಳೂರಿನ ಹೊಸೂರು ರಸ್ತೆಯ ಸ್ಮಶಾನಗಳಿಗೆ ಹೋಗಿ ನೋಡಿ. ನಮ್ಮದೇ ಸೇವಂತಿಗೆ, ನಮ್ಮದೇ ಚೆಂಡು ಹೂ, ಮೇಣದ ಬತ್ತಿಯ ಪಕ್ಕದಲ್ಲಿ. ಈ ಊರಿನ ಬೀದಿಗಳಲ್ಲಿ ತಿಂಗಳಿಗೊಂದು ಮರ ಅರಳುವಂತೆ ಲಾಲ್‌ಬಾಗಿನಿಂದ ಗಿಡ ಹಂಚಿದ ಜರ್ಮನಿಯ ಗುಸ್ತಾವ್ ಕ್ರುಂಬಿಗೆಲ್ ಮಲಗಿರುವುದೂ ಅದೇ ರಸ್ತೆಯಲ್ಲಿ.

ಮುಸ್ಲಿಮರ ಮನೆಗೆ ಹಾರ ಹಿಡಿದು ಹೋಗಬೇಡಿ. ಜನಾಜಾಕ್ಕೆ ಹಾರ ಹಾಕುವುದು ಅವರಲ್ಲಿ ಸಾಮಾನ್ಯವಲ್ಲ. ಪ್ರವಾದಿಯವರು ಎರಡು ಗೋರಿಗಳ ಮೇಲೆ ಹಸಿ ಖರ್ಜೂರದ ಗರಿಯನ್ನು ಸೀಳಿ ನೆಟ್ಟರೆಂಬ ಹದೀಸಿದೆ. ಅದನ್ನು ಆಧಾರವಾಗಿಟ್ಟುಕೊಂಡು ಗೋರಿಯ ಮೇಲೆ ಗುಲಾಬಿ ಎಸಳು, ಹಸಿರು ಸೊಪ್ಪು ಇಡುವವರಿದ್ದಾರೆ, ಅದು ಸಲ್ಲದು ಎನ್ನುವವರೂ ಇದ್ದಾರೆ. ದಖ್ಖನಿನಲ್ಲಿ ಮೂರನೆಯ ದಿನದ ಜಿಯಾರತ್‌ನಲ್ಲಿ ಹೂವಿನ ಕಾರ್ಯವೇ ಇದೆ. ದರ್ಗಾಗಳ ಮಾತು ಬೇರೆ, ಅಲ್ಲಿ ಹೂವಿನ ಚಾದರವೇ ಹೊದೆಸುತ್ತಾರೆ. ಬೆಂಗಳೂರು ಕರಗದ ರಾತ್ರಿ, ಚೈತ್ರದ ಹುಣ್ಣಿಮೆಯಂದು, ಮಲ್ಲಿಗೆಯಿಂದಲೇ ಮುಚ್ಚಿದ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತದೆ. ದರ್ಗಾ ಎಂದರೆ ಗೋರಿ. ತಲೆಮಾರುಗಳಿಂದ ಹೂವು ಬೆಳೆದ ತಿಗಳ ಸಮುದಾಯ ತನ್ನ ಅತಿ ಮಂಗಳದ ಹೂವನ್ನು, ಅತಿ ಮಂಗಳದ ರಾತ್ರಿ, ಒಬ್ಬ ಸತ್ತವನ ಬಾಗಿಲಿಗೆ ಒಯ್ಯುತ್ತದೆ. ಮೈಲಿಗೆಯ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತುವುದಿಲ್ಲ.

ಹೀಗೆ ದೇವರಿಗೂ ಸುಡುಗಾಡಿಗೂ ಸೇರಿದ ಇನ್ನೊಂದು ಪುಟ್ಟ ಗಿಡವಿದೆ. ನಮ್ಮ ಕುಂಡಗಳಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪವನ್ನು ನಾವು ದಿನಾ ದೇವರಿಗೆ ಇಡುತ್ತೇವೆ. ಪಕ್ಕದ ತಮಿಳುನಾಡಿನಲ್ಲಿ ಅದನ್ನು ಸುಡುಗಾಡಿನ ಮಲ್ಲಿಗೆ ಎಂದು ಕರೆಯುತ್ತಾರೆ. ಮಡಗಾಸ್ಕರ್‌ನಿಂದ ಬಂದ ಆ ಗಿಡದಿಂದಲೇ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಔಷಧ ಸಿಕ್ಕಿತು.

ಹೆಣಕ್ಕೆ ಹೂವಿಡುವುದು ಎಷ್ಟು ಹಳೆಯದು ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ, ಹಾಗಾಗಿ ಎರಡು ಮಾತು. ಇರಾಕಿನ ಶಾನಿದಾರ್ ಗುಹೆಯ ನಿಯಾಂಡರ್ತಾಲ್ ಶವದ ಸುತ್ತ ಸಿಕ್ಕ ಪರಾಗವನ್ನು ಹೂವಿನ ಸಮಾಧಿ ಎಂದು ಬಹಳ ಕಾಲ ನಂಬಿದ್ದರು, ಅದು ಬಿಲ ತೋಡುವ ಇಲಿಗಳದ್ದೋ ನೆಲದಲ್ಲಿ ಗೂಡು ಮಾಡುವ ಒಂಟಿ ಜೇನುಗಳದ್ದೋ ಕೆಲಸವಿರಬಹುದು ಎಂದು ಈಗ ಅನುಮಾನವಿದೆ. ಇಸ್ರೇಲಿನ ಕಾರ್ಮೆಲ್ ಬೆಟ್ಟದ ರಾಕೆಫೆತ್ ಗುಹೆಯಲ್ಲಿ ಹನ್ನೆರಡು ಸಾವಿರ ವರ್ಷಗಳಷ್ಟು ಹಿಂದಿನ ಶವ ಹೂಳಿದ ಗುಂಡಿಗಳ ಒಳಮೈಗೆ ಹೂಬಿಟ್ಟ ಗಿಡಗಳ ಅಚ್ಚು ಮೂಡಿದೆ, ಅದು ಗಟ್ಟಿ ಸಾಕ್ಷ್ಯ. ಈಜಿಪ್ಟಿನ ತುತಂಖಾಮನ್ನನ ಶವಪೆಟ್ಟಿಗೆಯೊಳಗಿನ ಒಣ ಹಾರಗಳಲ್ಲಿ ಯಾವ ಹೂವು ಕಾಯಿಗಳಿವೆ ಎಂದು ನೋಡಿ ಅವನನ್ನು ಮಾರ್ಚ್–ಏಪ್ರಿಲ್ ಹೊತ್ತಿಗೆ ಹೂಳಿರಬೇಕೆಂದು ಲೆಕ್ಕ ಹಾಕಿದ್ದಾರೆ. ರಾಜನಾದರೂ ಆ ತಿಂಗಳು ಏನು ಬಿಟ್ಟಿತ್ತೋ ಅದನ್ನೇ ಹಾಕಿಕೊಂಡು ಹೋದ. ನಮ್ಮ ನಾಡಿನ ವೀರಗಲ್ಲುಗಳ ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುತ್ತಾರೆ, ಹಳಗನ್ನಡ ಕಾವ್ಯಗಳಲ್ಲಿ ದೇವತೆಗಳು ಪೂಮಳೆ ಸುರಿಸುತ್ತಾರೆ. ಅಲ್ಲೂ ನನ್ನ ವಾದವೇ ಕಾಣುತ್ತದೆ. ಪೂಮಳೆ ಬೀಳುವುದು ವೀರನಿಗೆ, ಅವನ ಜೊತೆ ಸತ್ತ ಕುದುರೆ ಆಳಿಗಲ್ಲ.

ಹೂವು ಸಿಗದೆ ಹೋದವರ ಮಾತಿಗೆ ಬರಲೇಬೇಕು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾದಿಂದಾಗಿ ದೇಶ ಮುಚ್ಚಿದಾಗ ದೇವಸ್ಥಾನ, ಮದುವೆ, ಜಾತ್ರೆ ಎಲ್ಲ ನಿಂತವು. ಹೂ ಬೆಳೆಗಾರರು ಬಿಡಿಸಲು ಕೂಲಿ ಕೊಡಲಾರದೆ ಗಿಡದಲ್ಲೇ ಒಣಗಲು ಬಿಟ್ಟರು, ಹಲವರು ಬೆಳೆಯ ಮೇಲೆ ಟ್ರ್ಯಾಕ್ಟರ್ ಹರಿಸಿದರು. ಸರ್ಕಾರ ಆ ವರ್ಷ ಹೆಕ್ಟೇರಿಗೆ 25,000 ರೂಪಾಯಿ, ಮರುವರ್ಷ 10,000 ರೂಪಾಯಿ ಪರಿಹಾರ ಘೋಷಿಸಿತು. ಅದೇ ಹೊತ್ತಿನಲ್ಲಿ, ಅದರಲ್ಲೂ 2021ರ ಏಪ್ರಿಲ್, ಮೇ ತಿಂಗಳಲ್ಲಿ, ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದವು. ತಾವರೆಕೆರೆಯಲ್ಲಿ, ಗಿಡ್ಡೇನಹಳ್ಳಿಯಲ್ಲಿ ಬಯಲಲ್ಲೇ ಚಿತೆ ಹೊತ್ತಿಸಿದರು. ಹೆಣಗಳು ಚೀಲದೊಳಗೆ. ಮೊಗ್ಗು ಮಲ್ಲಿಗೆಯ ಒಂದು ಎಸಳೂ ಇಲ್ಲದೆ ಜನ ಹೋದರು. ಹೊಲದಲ್ಲಿ ಹೂವು ಕೊಳೆಯುತ್ತಿತ್ತು, ಇಪ್ಪತ್ತು ಮೂವತ್ತು ಮೈಲಿ ದೂರದಲ್ಲಿ ಹೆಣಕ್ಕೆ ಹೂವಿಲ್ಲ.

ನಿಯಮ ಹೂವನ್ನು ಬೇಡ ಎಂದಿರಲಿಲ್ಲ, ಇದನ್ನು ನೆನಪಿಟ್ಟುಕೊಳ್ಳಬೇಕು. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಲ್ಲಿ ಶವ ಮುಟ್ಟುವುದು, ಮೀಯಿಸುವುದು, ಅಪ್ಪಿಕೊಳ್ಳುವುದಕ್ಕೆ ನಿಷೇಧವಿತ್ತು, ಮುಟ್ಟದೆ ಮಾಡುವ ಮಂತ್ರ, ತೀರ್ಥ ಮೊದಲಾದ ವಿಧಿಗಳಿಗೆ ಅವಕಾಶವಿತ್ತು. ದೂರದಿಂದ ಒಂದು ಹಿಡಿ ಎಸಳು ಎಸೆಯುವುದಕ್ಕೆ ಅಡ್ಡಿಯಿರಲಿಲ್ಲ. ತರುವ ಕೈ ಇರಲಿಲ್ಲ. ಮಕ್ಕಳು ಇನ್ನೊಂದು ಆಸ್ಪತ್ರೆಯಲ್ಲಿದ್ದರು, ಅಥವಾ ಭಯಕ್ಕೆ ಬರಲಿಲ್ಲ. ಅಸ್ಥಿಯನ್ನೂ ಯಾರೂ ಒಯ್ಯದೆ ಉಳಿದಾಗ 2021ರ ಜೂನ್‌ನಲ್ಲಿ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಅದನ್ನು ಕಾವೇರಿಗೆ ಬಿಟ್ಟಿತು.

ಅದೇ ವರ್ಷದ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಕಂಠೀರವ ಕ್ರೀಡಾಂಗಣಕ್ಕೆ ಸಾಗರದಂತೆ ಜನ ಬಂದರು. 2022ರ ಆಗಸ್ಟ್‌ನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ಪುನೀತ್ ಮತ್ತು ಅವರ ತಂದೆ ರಾಜ್‌ಕುಮಾರ್ ಇಬ್ಬರ ನೆನಪಿಗೆ ಅರ್ಪಿಸಿ, ಗಾಜಿನ ಮನೆಯಲ್ಲಿ ಅವರ ಗಾಜನೂರಿನ ಮನೆಯನ್ನು ಹೂವಿನಲ್ಲಿ ಕಟ್ಟಿದರು. ನೋಡಲು ಹೋಗಿದ್ದ ನನಗೆ ಜನ ಅಲ್ಲಿ ಪುನೀತ್ ಒಬ್ಬರಿಗಾಗಿ ಮಾತ್ರ ಅಳುತ್ತಿಲ್ಲ ಎನ್ನಿಸಿತು. ತಮ್ಮ ಮನೆಯವರಿಗೆ ಹಾಕಲಾಗದ ಹೂವನ್ನು ಎಷ್ಟೋ ಜನ ಅಲ್ಲಿ ನೋಡುತ್ತಿದ್ದಿರಬೇಕು. ಇದಕ್ಕೆ ನನ್ನಲ್ಲಿ ಸಾಕ್ಷಿಯಿಲ್ಲ, ನನ್ನ ಅನಿಸಿಕೆ ಅಷ್ಟೇ.

ಕೊನೆಯದಾಗಿ ಆಯ್ಕೆಯ ವಿಚಾರ, ನೀವು ಹೂವು ಕೊಳ್ಳಬೇಕಾಗಿ ಬಂದಾಗಿನದು. ಮೊದಲು ಮನೆಯವರನ್ನು, ಅವರಾಗದಿದ್ದರೆ ಪಕ್ಕದ ಮನೆಯವರನ್ನು ಕೇಳಿ. ಹಾರದ ದಪ್ಪದಲ್ಲಿ ಪ್ರೀತಿ ತೋರಿಸಲು ಹೋಗಬೇಡಿ, ಐದಾರು ದಪ್ಪ ಹಾರ ಬಿದ್ದ ಮೇಲೆ ಮುಖವೇ ಕಾಣುವುದಿಲ್ಲ. ಜರಿ ಎಳೆ, ಥರ್ಮೋಕೋಲ್ ಚಕ್ರ, ಪ್ಲಾಸ್ಟಿಕ್ ಹೊದಿಕೆ ಇರುವುದು ಬೇಡವೇ ಬೇಡ. ಅವು ಚಿತೆಯಲ್ಲಿ ಕೆಟ್ಟ ಹೊಗೆಯಾಗುತ್ತವೆ, ಮಣ್ಣಿನಲ್ಲಿ ಹಾಗೇ ಉಳಿಯುತ್ತವೆ. ಬಾಳೆನಾರಿನಲ್ಲಿ ಕಟ್ಟಿದ್ದನ್ನು ಕೇಳಿ ಪಡೆಯಿರಿ, ಇನ್ನೂ ಸಿಗುತ್ತದೆ. ದಂಟಿನ ಸುಗಂಧರಾಜಕ್ಕಿಂತ ಬಿಡಿ ಹೂವಿನ ಹಾರ ಅಗ್ಗ, ಘಮವೂ ಹೆಚ್ಚು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ‘ಶೃಂಗಾರ್’, ‘ಪ್ರಜ್ವಲ್’ ತಳಿಗಳೇ ಬಹಳಷ್ಟು ಹೊಲಗಳಲ್ಲಿರುವುದು. ಶೃಂಗಾರ ಎಂದು ಹೆಸರಿಟ್ಟವರು ಅದು ಎಲ್ಲೆಲ್ಲಿ ಹೋಗಿ ಸೇರುತ್ತದೆಂದು ಯೋಚಿಸಿರಲಿಕ್ಕಿಲ್ಲ. ಗೋಡೆಯ ಫೋಟೊಗಾದರೆ ಗಂಧದ ಚಕ್ಕೆಯ ಹಾರ ಇದ್ದೇ ಇದೆ, ವರ್ಷಕ್ಕೊಮ್ಮೆ ಧೂಳು ಒರೆಸಿದರೆ ಸಾಕು.

ಸತ್ತವರು ಹೆಂಗಸಾದರೆ, ಅಂಗಡಿಯವರು ‘ಯಜಮಾನ್ರು ಇದಾರಾ’ ಎಂದು ಕೇಳಿದಾಗ ಆ ಪ್ರಶ್ನೆಗೆ ಉತ್ತರ ಕೊಡದೆ ಮಲ್ಲಿಗೆ ಸೇರಿಸಿ ಕಟ್ಟಲು ಹೇಳಿ. ಅವರು ಕಟ್ಟುತ್ತಾರೆ. ಮನೆಯ ಹಿರಿಯರು ಯಾರಾದರೂ ಮುಖ ಗಂಟು ಹಾಕಿಕೊಂಡರೆ, ಜಗಳ ಮಾಡುವ ಸ್ಥಳ ಅದಲ್ಲ, ಹೂವನ್ನು ಕಾಲ ಬಳಿ ಇಟ್ಟು ಬನ್ನಿ.

ಉಯಿಲು ಬರೆಯುವವರು ಹೊಲ, ಸೈಟು, ಒಡವೆಯ ಜೊತೆ ಹೂವಿಗೂ ಒಂದು ಸಾಲು ಬರೆದಿಡುವುದು ಒಳ್ಳೆಯದು. ನಾನು ಬರೆದಿದ್ದೇನೆ. ಕನಕಾಂಬರ ಎಂದಿದೆ. ಅದಕ್ಕೆ ವಾಸನೆಯೇ ಇಲ್ಲವಲ್ಲಮ್ಮ, ಶಾಸ್ತ್ರಕ್ಕೂ ಸಲ್ಲದು ಎಂದು ಮಗಳ ತಕರಾರು. ಇನ್ನೂ ಇತ್ಯರ್ಥವಾಗಿಲ್ಲ. ಪ್ರಶ್ನೆಗಳಿದ್ದರೆ ಕೇಳಬಹುದು, ಅಧ್ಯಕ್ಷರು ಅರ್ಧ ಗಂಟೆ ಕೊಟ್ಟಿದ್ದಾರೆ.